ಎಣ್ಣೆಗಪ್ಪು ಮೈಬಣ್ಣಕ್ಕೆ ಸನ್‌ಸ್ಕ್ರೀನ್ ಬೇಕೇ? ಬೇಕಿದ್ದರೆ ಎಂಥದ್ದು?

ಪ್ರಶ್ನೆ: ನಾನು ಬ್ಯಾಡಗಿ ತಾಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 36. ನನ್ನದು ಎಣ್ಣೆಗಪ್ಪು ಮೈಬಣ್ಣ. ದಿನವೂ ಸ್ಕೂಟಿಯಲ್ಲಿ ಹೋಗಿಬರಲು 28 ಕಿಲೋಮೀಟರ್ ಆಗುತ್ತದೆ. ಎರಡನೇ ಹೆರಿಗೆಯ ನಂತರ ಎರಡೂ ಕೆನ್ನೆಗಳ ಮೇಲೆ ಬಂಗು ಮೂಡಿದೆ. ಒಮ್ಮೆ ಸನ್‌ಸ್ಕ್ರೀನ್ ತಂದು ಹಚ್ಚಿಕೊಂಡೆ. ಮುಖ ವಿಭೂತಿ ಬಳಿದಂತಾಗಿ ಶಾಲೆಯ ಮಕ್ಕಳು ನಕ್ಕರು, ಬಿಟ್ಟುಬಿಟ್ಟೆ. "ಕರೀ ಮೈಗೆ ಬಿಸಿಲು ಏನ್ ಮಾಡ್ತೈತಿ, ಸುಮ್ನ ರೊಕ್ಕಾ ಹಾಳು" ಎನ್ನುತ್ತಾರೆ ನಮ್ಮ ಅತ್ತೆ. ಮೆಡಿಕಲ್ ಅಂಗಡಿಯವರು ಬಂಗಿಗೆಂದು ಕೊಟ್ಟ ಕ್ರೀಮನ್ನು ಎರಡು ತಿಂಗಳಿನಿಂದ ಹಚ್ಚುತ್ತಿದ್ದೇನೆ. ಮೊದಲು ಕಲೆ ತಿಳಿಯಾಯಿತು, ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ನಮ್ಮಂಥ ಬಣ್ಣದವರಿಗೆ ಸನ್‌ಸ್ಕ್ರೀನ್ ನಿಜಕ್ಕೂ ಬೇಕೇ? ಟ್ಯೂಬಿನ ಮೇಲೆ ಅಚ್ಚಾಗಿರುವ ಎಸ್‌ಪಿಎಫ್ ಎಂಬ ರಕ್ಷಣೆಯ ಸಂಖ್ಯೆ ಎಷ್ಟಿರಬೇಕು? ಹೊಲದಲ್ಲಿ ದುಡಿಯುವ ನಮ್ಮ ಯಜಮಾನರಿಗೂ ಬೇಕೇ?

ಉತ್ತರ: ನೀವು ಕೇಳಿರುವುದು ಸನ್‌ಸ್ಕ್ರೀನ್ ಬಗ್ಗೆಯಾದರೂ ನಾನು ಆ ಕ್ರೀಮಿನಿಂದಲೇ ಆರಂಭಿಸಬೇಕಾಗಿದೆ, ಏಕೆಂದರೆ ಅದನ್ನು ಇತ್ಯರ್ಥ ಮಾಡದೆ ಮುಖಕ್ಕೆ ಬೇರೆ ಏನನ್ನು ಹಚ್ಚಿದರೂ ಉರಿ ತಪ್ಪುವುದಿಲ್ಲ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಎಂಬ ಹೆಸರುಗಳಲ್ಲಿ ಒಂದಾದರೂ ಇದ್ದರೆ ಅದು ಸ್ಟಿರಾಯ್ಡ್ ಕ್ರೀಮು. ಸ್ಟಿರಾಯ್ಡಿನ ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಎಂಬ ಕಲೆ ತಿಳಿಮಾಡುವ ಔಷಧಗಳು ಸೇರಿರುವ ಮಿಶ್ರಣವನ್ನು ಬಂಗಿಗೆ ಚರ್ಮವೈದ್ಯರೂ ಬರೆದುಕೊಡುವುದುಂಟು. ಆದರೆ ಕೆಲವು ವಾರಗಳ ಮಟ್ಟಿಗೆ, ರಾತ್ರಿ ಮಾತ್ರ, ನಡುನಡುವೆ ಮುಖವನ್ನು ಪರೀಕ್ಷಿಸುತ್ತ. ಕೇಳುವವರಿಲ್ಲದೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕೆಲವರಿಗೆ ಗಲ್ಲದ ಮೇಲೆ ಕೂದಲೂ ಬರುತ್ತದೆ, ಬಿಸಿಲು ಸೋಕಿದರೆ ಉರಿಯುತ್ತದೆ. ಬಿಟ್ಟರೆ ಎಲ್ಲವೂ ಒಮ್ಮೆಲೇ ಕೆರಳುವುದರಿಂದ ಮತ್ತೆ ಅದನ್ನೇ ಹಚ್ಚಿಕೊಳ್ಳುತ್ತಾರೆ. ಸ್ಟಿರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಆದರೂ ಅಂಗಡಿಯ ಕಟ್ಟೆಯ ಮೇಲೆ ಅವು ಬಾಯಿಮಾತಿನಲ್ಲೇ ಕೈ ಬದಲಾಗುತ್ತಿವೆ. ನೀವು ಅದನ್ನು ಹೀಗೇ ಮುಂದುವರಿಸಬೇಡಿ, ಹೆದರಿ ಇನ್ನೊಂದು ಕ್ರೀಮನ್ನೂ ತರಬೇಡಿ. ಈ ವಾರದಲ್ಲೇ ಹತ್ತಿರದ ಚರ್ಮವೈದ್ಯರಿಗೆ ಮುಖವನ್ನೂ ಟ್ಯೂಬನ್ನೂ ತೋರಿಸಿ. ಒಮ್ಮೆಗೇ ನಿಲ್ಲಿಸಬೇಕೋ ದಿನ ಬಿಟ್ಟು ದಿನ ಹಚ್ಚುತ್ತ ಇಳಿಸಬೇಕೋ ಎಂಬುದನ್ನು ಅವರು ಮುಖ ನೋಡಿ ಹೇಳುತ್ತಾರೆ. ಉರಿ ಆರುವವರೆಗೆ ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಾಗೂ ತಲೆಯ ಮೇಲೆ ಬಟ್ಟೆ, ಇಷ್ಟೇ ಸಾಕು.

ಇನ್ನು ನಿಮ್ಮ ಅತ್ತೆಯವರ ಮಾತು. ಅದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಸೂರ್ಯನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಬಣ್ಣ ಮಾಡುವ ಕೋಶಗಳ ಸಂಖ್ಯೆ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ತಯಾರಿಸುವ ಬಣ್ಣದ ಕಣಗಳ ಗಾತ್ರ, ಪ್ರಮಾಣ ಮತ್ತು ಹರಡುವಿಕೆಯಲ್ಲಿ ವ್ಯತ್ಯಾಸವಿದೆ. 1979ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ ಕಪ್ಪುವರ್ಣೀಯರ ಮೇಲ್ಚರ್ಮ ತಾನಾಗಿಯೇ ಸುಮಾರು 13 ಎಸ್‌ಪಿಎಫ್‌ನಷ್ಟು, ಬಿಳಿಯರ ಮೇಲ್ಚರ್ಮ 3ರಷ್ಟು ರಕ್ಷಣೆ ಕೊಡುತ್ತದೆ. ನಮ್ಮ ಸೀಮೆಯ ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪುಗಳೆಲ್ಲ ಈ ಎರಡರ ನಡುವೆ ಎಲ್ಲೋ ಬರುತ್ತವೆ. ಆದ್ದರಿಂದಲೇ ಬಿಳಿಯರಿಗೆ ಅರ್ಧ ಗಂಟೆಯಲ್ಲೇ ಮೈ ಸುಡುವ ಬಿಸಿಲಿನಲ್ಲಿ ನಮ್ಮವರು ಇಡೀ ದಿನ ಮೆಣಸಿನಕಾಯಿ ಬಿಡಿಸುತ್ತಾರೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಕೂಡ ನಮ್ಮಲ್ಲಿ ಬಹಳ ಅಪರೂಪ. ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ನಿಮಗೆ ಟ್ಯೂಬ್ ಮಾರುವವರ ಮಾತನ್ನು ನೀವು ಧಾರಾಳವಾಗಿ ತಳ್ಳಿಹಾಕಬಹುದು. ತೊನ್ನು ಇರುವವರ ಮಾತು ಬೇರೆ: ಬಿಳಿ ಮಚ್ಚೆಯಲ್ಲಿ ಮೆಲನಿನ್ ಇಲ್ಲದ ಕಾರಣ ಎಷ್ಟೇ ಕಪ್ಪು ಮೈಯವರಾದರೂ ಆ ಜಾಗ ಬೇಗ ಸುಡುತ್ತದೆ.

ಉಳಿದ ಅರ್ಧವನ್ನು ಅತ್ತೆಯವರು ನಿಮ್ಮ ಕೆನ್ನೆಯ ಮೇಲೇ ನೋಡಬಹುದು. ಬಿಳಿ ಚರ್ಮವನ್ನು ಬೆಳಕು ಕೆಣಕಿದರೆ ಅದು ಕೆಂಪಾಗುತ್ತದೆ. ನಮ್ಮ ಚರ್ಮವನ್ನು ಕೆಣಕಿದರೆ ಅದು ಕಲೆಯಾಗುತ್ತದೆ. ಮೊಡವೆ ವಾಸಿಯಾಗಿ ತಿಂಗಳುಗಳು ಕಳೆದರೂ ಅದರ ಕರಿ ಗುರುತು ಹೋಗದಿರುವುದು, ಸೊಳ್ಳೆ ಕಚ್ಚಿದ ಜಾಗ ಮಚ್ಚೆಯಾಗಿ ನಿಲ್ಲುವುದು, ಬಸಿರಿನಲ್ಲಿ ಮೂಡಿದ ಬಂಗು ಮಗು ಶಾಲೆಗೆ ಹೋದರೂ ಮಾಸದಿರುವುದು, ಇವೆಲ್ಲವೂ ಬಣ್ಣ ಮಾಡುವ ಕೋಶಗಳು ಒಮ್ಮೆ ಎಚ್ಚೆತ್ತ ಮೇಲೆ ಬೆಳಕು ಬೀಳುತ್ತಿರುವಷ್ಟು ಕಾಲ ಮಲಗುವುದಿಲ್ಲ ಎಂಬುದರ ಲಕ್ಷಣ. ಹೀಗಾಗಿ ನಮಗೆ ಸನ್‌ಸ್ಕ್ರೀನ್ ಬೇಕಾಗಿರುವುದು ಸುಡದಿರಲೆಂದಲ್ಲ, ಕಲೆ ಕಟ್ಟದಿರಲೆಂದು. ನಿಮ್ಮ ಮುಖದಲ್ಲಿ ಬಂಗಾಗಲಿ, ಮೊಡವೆ ಕಲೆಯಾಗಲಿ ಇಲ್ಲದೆ, ದಿನದ ಬಹುಪಾಲು ಮನೆಯೊಳಗೇ ಇರುವವರಾಗಿದ್ದರೆ ನಾನು ಇಷ್ಟು ಉದ್ದದ ಉತ್ತರ ಬರೆಯುತ್ತಿರಲಿಲ್ಲ.

ಎಷ್ಟು ಎಸ್‌ಪಿಎಫ್ ಎಂದು ಕೇಳಿದ್ದೀರಿ. ಆ ಸಂಖ್ಯೆ ಹುಟ್ಟುವ ಬಗೆ ತಿಳಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದೂ ತಿಳಿಯುತ್ತದೆ. ಅಂತರರಾಷ್ಟ್ರೀಯ ವಿಧಾನದಲ್ಲಿ, ತಿಳಿ ಬಣ್ಣದ ಚರ್ಮವುಳ್ಳ ಸ್ವಯಂಸೇವಕರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಕ್ರೀಮು ಹಚ್ಚಿ, ಕೃತಕ ಸೂರ್ಯನ ಬೆಳಕು ಬಿಟ್ಟು, ಚರ್ಮ ಕೆಂಪಾಗಲು ಎಷ್ಟು ಕಿರಣ ಬೇಕಾಯಿತೆಂದು ಅಳೆಯುತ್ತಾರೆ. ಅಂದರೆ ಅದು ಕೆಂಪಾಗುವಿಕೆಯ ಲೆಕ್ಕ. ಮುಖ್ಯವಾಗಿ ಯುವಿಬಿ, ಅಂದರೆ ನೇರಳಾತೀತ ಕಿರಣಗಳಲ್ಲಿ ಚರ್ಮವನ್ನು ಸುಡುವ ಬಗೆಯವುಗಳ ಲೆಕ್ಕ. ಕಲೆ ಕಟ್ಟುವ ನಮ್ಮ ಚರ್ಮದ ಪ್ರಶ್ನೆಗೆ ಅದು ಅರ್ಧ ಉತ್ತರ ಮಾತ್ರ. 15ರ ಎಸ್‌ಪಿಎಫ್ ಯುವಿಬಿಯ ಸುಮಾರು ಶೇ 93ನ್ನು, 30ರದು ಶೇ 97ನ್ನು, 50ರದು ಶೇ 98ನ್ನು ತಡೆಯುತ್ತದೆ. ಈ ಲೆಕ್ಕದಲ್ಲಿ 30ರಿಂದ ಮೇಲಕ್ಕೆ ಹೋದಂತೆಲ್ಲ ಬೆಲೆ ಏರುವಷ್ಟು ರಕ್ಷಣೆ ಏರುವುದಿಲ್ಲ. ನಿಮಗೆ 30 ಸಾಕು. ಹಚ್ಚುವಾಗ ಎಲ್ಲರೂ ಜಿಪುಣತನ ಮಾಡುವುದರಿಂದ 50 ಇದ್ದರೆ ಒಳ್ಳೆಯದು. ಅದಕ್ಕಿಂತ ದೊಡ್ಡ ಸಂಖ್ಯೆಗೆ ದುಡ್ಡು ಕೊಡಬೇಕಿಲ್ಲ. ಅದರ ಬದಲು ಪಕ್ಕದಲ್ಲಿರುವ ಪಿಎ ಎಂಬ ಗುರುತನ್ನು ನೋಡಿ. ಜಪಾನಿನಲ್ಲಿ ಹುಟ್ಟಿದ ಈ ಅಳತೆ ಯುವಿಎ ಕಿರಣಗಳಿಗೆ ಸಂಬಂಧಿಸಿದ್ದು. ಭೂಮಿಗೆ ತಲುಪುವ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ 95 ಈ ಬಗೆಯವು. ಇವು ಚರ್ಮದ ಆಳಕ್ಕೆ ಇಳಿಯುತ್ತವೆ, ಕಿಟಕಿಯ ಗಾಜನ್ನೂ ದಾಟುತ್ತವೆ. ದಿನವೂ ಹುಬ್ಬಳ್ಳಿ–ಧಾರವಾಡದ ನಡುವೆ ಕಾರು ಓಡಿಸುವವರ ಬಲಗೆನ್ನೆಯನ್ನೂ ಎಡಗೆನ್ನೆಯನ್ನೂ ಒಟ್ಟಿಗೆ ನೋಡಿದರೆ ಪಕ್ಕದ ಗಾಜು ಎಷ್ಟು ತಡೆಯುತ್ತದೆಂಬುದು ಗೊತ್ತಾಗುತ್ತದೆ. ಪಿಎ ಮುಂದೆ ಮೂರು ಅಥವಾ ನಾಲ್ಕು ಕೂಡುಚಿಹ್ನೆಗಳಿರಲಿ.

ಇಷ್ಟಕ್ಕೇ ನಿಲ್ಲಿಸುವುದು ವಾಡಿಕೆ, ಆದರೆ ಬಂಗು ಇರುವ ಕಪ್ಪು ಚರ್ಮದವರಿಗೆ ನಿಜವಾದ ವಿಷಯ ಇಲ್ಲಿಂದಲೇ ಆರಂಭವಾಗುತ್ತದೆ. ನಮ್ಮ ಬಣ್ಣದ ಕೋಶಗಳನ್ನು ಕೆಣಕುವುದು ಕಣ್ಣಿಗೆ ಕಾಣದ ಕಿರಣಗಳಷ್ಟೇ ಅಲ್ಲ, ನಾವು ಓದಲು ಬರೆಯಲು ಬಳಸುವ ಸಾಮಾನ್ಯ ಹಗಲು ಬೆಳಕೂ ಅದೇ ಕೆಲಸ ಮಾಡುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬಿಳಿ ಚರ್ಮದವರ ಮೇಲೂ ಕಂದು–ಕಪ್ಪು ಚರ್ಮದವರ ಮೇಲೂ ಕಾಣುವ ಬೆಳಕನ್ನಷ್ಟೇ ಬಿಟ್ಟು ನೋಡಿದರು. ಬಿಳಿಯರಲ್ಲಿ ಕಲೆ ಮೂಡಲೇ ಇಲ್ಲ. ಕಪ್ಪು ಚರ್ಮದಲ್ಲಿ ಮೂಡಿದ ಕಲೆ ಎರಡು ವಾರಗಳವರೆಗೂ ಉಳಿಯಿತು, ಯುವಿಎಯಿಂದ ಆದದ್ದಕ್ಕಿಂತ ಗಾಢವಾಗಿಯೂ ಇತ್ತು. ಬೆಳಕಿನ ನೀಲಿ ಭಾಗವನ್ನು ಬಣ್ಣದ ಕೋಶಗಳು ಆಪ್ಸಿನ್-3 ಎಂಬ ಗ್ರಾಹಕದ ಮೂಲಕ ಗ್ರಹಿಸುತ್ತವೆಂದು 2018ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಸಾಧಾರಣ ಸನ್‌ಸ್ಕ್ರೀನುಗಳು, ಅವುಗಳ ಮೇಲೆ ಎಷ್ಟೇ ದೊಡ್ಡ ಸಂಖ್ಯೆ ಅಚ್ಚಾಗಿದ್ದರೂ, ಈ ಬೆಳಕನ್ನು ತಡೆಯುವುದಿಲ್ಲ. ಹಚ್ಚಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ ಎಂದರೆ ಅರ್ಥ ಅದೇ: ಬೆಳಕು ಅದರ ಮೂಲಕ ಹಾದುಹೋಗುತ್ತಿದೆ. "ತಪ್ಪದೆ ಹಚ್ಚಿದರೂ ಬಂಗು ಹೋಗಲಿಲ್ಲ ಡಾಕ್ಟರೇ" ಎನ್ನುವವರಲ್ಲಿ ಹಲವರದು ಈ ಕಥೆಯೇ.

ಕಾಣುವ ಬೆಳಕನ್ನು ತಡೆಯಬೇಕಾದರೆ ಹಚ್ಚುವ ವಸ್ತುವಿಗೆ ಬಣ್ಣ ಇರಬೇಕು. ಕೆಂಪು, ಹಳದಿ, ಕಪ್ಪು ಅಯರ್ನ್ ಆಕ್ಸೈಡುಗಳು, ಸರಳವಾಗಿ ಹೇಳಿದರೆ ಕೆಮ್ಮಣ್ಣಿಗೆ ಬಣ್ಣ ಕೊಡುವ ಜಾತಿಯ ವಸ್ತುಗಳು, ಈ ಕೆಲಸ ಮಾಡುತ್ತವೆ. ಇವನ್ನು ಬೆರೆಸಿದ್ದಕ್ಕೆ ಟಿಂಟೆಡ್ ಸನ್‌ಸ್ಕ್ರೀನ್ ಎನ್ನುತ್ತಾರೆ. ನಿಮ್ಮ ಬಂಗಿಗೂ ಇದೇ ಬೇಕು, ಮಕ್ಕಳು ನಕ್ಕ ವಿಭೂತಿಗೂ ಇದೇ ಮದ್ದು. ನೀವು ಮೊದಲು ತಂದದ್ದರಲ್ಲಿ ಬಹುಶಃ ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿತ್ತು. ಅವೆರಡೂ ಬಿಳಿ ಪುಡಿಗಳು; ನೇರಳಾತೀತ ಕಿರಣಗಳನ್ನು ಬಹುಪಾಲು ಹೀರಿಕೊಳ್ಳುತ್ತವೆ, ಕಾಣುವ ಬೆಳಕನ್ನು ಮಾತ್ರ ಚದುರಿಸುತ್ತವೆ. ಆ ಚದುರಿದ ಬೆಳಕೇ ಕಪ್ಪು ಮುಖದ ಮೇಲೆ ಬೂದಿಯಾಗಿ ಕಾಣುವುದು. ಔಷಧದಲ್ಲಿ ದೋಷವಿಲ್ಲ, ಅದನ್ನು ಬಿಳಿಯರ ಮುಖವನ್ನು ಕಣ್ಣಮುಂದಿಟ್ಟುಕೊಂಡು ಕಲಸಿದ್ದಾರೆ, ಅಷ್ಟೇ. ಅಂಥದ್ದನ್ನು ಹಚ್ಚಿಕೊಂಡು ತರಗತಿಯ ಮುಂದೆ ನಿಲ್ಲಲು ಮುಜುಗರವಾದರೆ ಅದು ನಿಮ್ಮ ತಪ್ಪಲ್ಲ, ಅಲಂಕಾರದ ಹಂಬಲವೂ ಅಲ್ಲ. ಹಚ್ಚಲು ಮನಸ್ಸಾಗದ ಸನ್‌ಸ್ಕ್ರೀನ್ ಎಷ್ಟೇ ಉತ್ತಮವಾಗಿದ್ದರೂ ಕಪಾಟಿನಲ್ಲಿ ಕುಳಿತು ಯಾರ ಮುಖವನ್ನೂ ಕಾಯುವುದಿಲ್ಲ.

ಟಿಂಟೆಡ್ ಎಂದು ಪೆಟ್ಟಿಗೆಯ ಮೇಲೆ ಬರೆದ ಮಾತ್ರಕ್ಕೆ ನಂಬಬೇಡಿ. ಹಿಂಬದಿಯ ಪಟ್ಟಿಯಲ್ಲಿ ಅಯರ್ನ್ ಆಕ್ಸೈಡ್ಸ್ ಎಂಬ ಹೆಸರು, ಇಲ್ಲವೇ ಸಿಐ 77491, 77492, 77499 ಎಂಬ ಸಂಖ್ಯೆಗಳು ಇರಬೇಕು. ಆಮೇಲೆ ಬಣ್ಣ ಹೊಂದಿಸುವ ಕೆಲಸ. ಎಲ್ಲರಿಗೂ ಹೊಂದುವ ಒಂದೇ ಬಣ್ಣ ಎಂದು ಮಾರುವವು ಹೆಚ್ಚಾಗಿ ಗೋಧಿಬಣ್ಣಕ್ಕೆ ಮಾಡಿದವು. ನಿಮ್ಮ ಮುಖದ ಮೇಲೆ ಅವು ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಮುಂಗೈ ಮೇಲೆ ಹಚ್ಚಿ ನೋಡುವುದರಿಂದ ಪ್ರಯೋಜನವಿಲ್ಲ, ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ, ಮುಖವೂ ಕುತ್ತಿಗೆಯೂ ಕೂಡುವ ಕಡೆ, ಬೆರಳಗಲ ಹಚ್ಚಿ ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬಾಗಿಲಲ್ಲಿ ನಿಂತು ಕನ್ನಡಿ ನೋಡಿ. ಹತ್ತು ನಿಮಿಷ ಕಾದು ಮತ್ತೊಮ್ಮೆ ನೋಡಿ, ಏಕೆಂದರೆ ಎಣ್ಣೆ ಜಿನುಗುವ ಮುಖದಲ್ಲಿ ಬಣ್ಣ ಒಂದು ಛಾಯೆ ಗಾಢವಾಗುತ್ತದೆ. ಗೆರೆ ಎಲ್ಲಿ ಮುಗಿಯಿತೆಂದು ಗೊತ್ತಾಗದಿದ್ದರೆ ಅದೇ ನಿಮ್ಮ ಬಣ್ಣ. ಹೊಂದುವ ಛಾಯೆ ಸಿಗದಿದ್ದರೆ ಇನ್ನೊಂದು ದಾರಿಯಿದೆ: ಬಿಳಿ ಪದರ ಬಿಡದ ಜೆಲ್ ಬಗೆಯ ಸನ್‌ಸ್ಕ್ರೀನನ್ನು ಮೊದಲು ಪೂರ್ತಿ ಪ್ರಮಾಣದಲ್ಲಿ ಹಚ್ಚಿ, ಅದು ಆರಿದ ಮೇಲೆ ನಿಮ್ಮ ಬಣ್ಣದ ಫೌಂಡೇಶನ್ ಅಥವಾ ಕಾಂಪ್ಯಾಕ್ಟನ್ನು ಬಂಗಿನ ಮೇಲೆ ತುಸು ದಟ್ಟವಾಗಿ ಹಾಕಿಕೊಳ್ಳುವುದು. ಅವುಗಳ ಬಣ್ಣವೂ ಅಯರ್ನ್ ಆಕ್ಸೈಡಿನದೇ.

ಜೆಲ್ ಬಗೆಯವುಗಳಲ್ಲಿ ಅವೊಬೆನ್‌ಝೋನ್ ಎಂಬ ಯುವಿಎ ತಡೆಯುವ ವಸ್ತು ಸಾಮಾನ್ಯ. ಒಂಟಿಯಾಗಿದ್ದರೆ ಅದು ಬಿಸಿಲಿನಲ್ಲಿ ಬೇಗ ಕೆಡುತ್ತದೆ; ಜೊತೆಗೆ ಆಕ್ಟೋಕ್ರೈಲಿನ್ ಅಥವಾ ಬೆಮೋಟ್ರಿಝಿನಾಲ್ ಇದ್ದರೆ ತಾಳಿಕೆ ಹೆಚ್ಚು. ಇದರದೊಂದು ಕಿರಿಕಿರಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದು ಅವೊಬೆನ್‌ಝೋನ್ ಜೊತೆ ಕೂಡಿ ತಿಳಿಬಣ್ಣದ ಕುಪ್ಪಸದ ಕೊರಳಪಟ್ಟಿಯ ಮೇಲೆ ತುಕ್ಕಿನಂಥ ಹಳದಿ ಕಲೆ ಬಿಡುತ್ತದೆ, ಬೋರ್‌ವೆಲ್ ನೀರಿನಲ್ಲಿ ತೊಳೆದಷ್ಟೂ ಅದು ಗಟ್ಟಿಯಾಗುತ್ತದೆ. ಕುತ್ತಿಗೆಗೆ ಹಚ್ಚಿದ್ದು ಪೂರ್ತಿ ಆರಿದ ಮೇಲೆ ಬಟ್ಟೆ ಹಾಕಿಕೊಳ್ಳಿ. ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದರೆ ಅಥವಾ ಮುಖ ಸೂಕ್ಷ್ಮವಾಗಿದ್ದರೆ ಝಿಂಕ್ ಆಕ್ಸೈಡ್ ಇರುವ ಟಿಂಟೆಡ್ ಬಗೆಯೇ ಉತ್ತಮ. ಸ್ಟಿರಾಯ್ಡಿನಿಂದ ಬಳಲಿದ ನಿಮ್ಮ ಚರ್ಮಕ್ಕೂ ಉರಿ ಆರಿದ ಮೇಲೆ ಅದೇ ಸರಿ.

ಈಗ ಪ್ರಮಾಣ. ನನ್ನ ಅನುಭವದಲ್ಲಿ ನೂರಕ್ಕೆ ತೊಂಬತ್ತು ಜನ ಸೋಲುವುದು ಇಲ್ಲಿ. ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಎಂಬ ಅಳತೆಯನ್ನು ಮುಖ ಮತ್ತು ಕುತ್ತಿಗೆಗೆ ಲೆಕ್ಕ ಹಾಕಿದರೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚಾಗುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ, ಬುಡದಿಂದ ತುದಿಯವರೆಗೆ, ಎರಡು ಗೆರೆ ಹಿಂಡಿದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಸಾಮಾನ್ಯವಾಗಿ ಜನ ಹಚ್ಚುವುದು ಇದರ ಕಾಲು ಭಾಗದಿಂದ ಅರ್ಧ ಭಾಗ. ಅರ್ಧ ಹಚ್ಚಿದರೆ ರಕ್ಷಣೆಯೂ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿಯುತ್ತದೆ. ನೀವು ಸರಿಯಾಗಿ ಹಚ್ಚುತ್ತಿದ್ದೀರೋ ಇಲ್ಲವೋ ಎಂಬುದನ್ನು ಟ್ಯೂಬೇ ಹೇಳುತ್ತದೆ: ದಿನಕ್ಕೆ ಒಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಿಗೆ, ಎರಡು ಬಾರಿ ಹಚ್ಚಿದರೆ ಮೂರು ವಾರದ ಆಸುಪಾಸಿಗೆ ಮುಗಿಯಬೇಕು. ಯುಗಾದಿಗೆ ತಂದ ಟ್ಯೂಬ್ ದೀಪಾವಳಿಗೂ ಉಳಿದಿದ್ದರೆ ನೀವು ಸನ್‌ಸ್ಕ್ರೀನ್ ಹಚ್ಚಿಲ್ಲ, ಬರಿ ಸವರಿದ್ದೀರಿ. ಎರಡು ಗೆರೆಯನ್ನು ಒಮ್ಮೆಗೇ ಬಳಿದರೆ ಮುಖ ಜಿಡ್ಡಾಗುತ್ತದೆ. ಒಂದು ಗೆರೆ ಹಚ್ಚಿ, ಜಡೆ ಹೆಣೆದುಕೊಂಡು, ಇನ್ನೊಂದು ಗೆರೆ ಹಚ್ಚಿ. ಕಿವಿ, ತುಟಿಯ ಮೇಲ್ಭಾಗ, ಹಣೆಯ ಕೂದಲಂಚುಗಳನ್ನು ಮರೆಯಬೇಡಿ. ಬಂಗಿಗೆ ಹಣೆ, ಮೇಲ್ದುಟಿ, ಕೆನ್ನೆಗಳೇ ಪ್ರಿಯ.

ತಿಂಗಳಿಗೊಂದು ಟ್ಯೂಬ್ ಎಂದರೆ ಹಲವು ನೂರು ರೂಪಾಯಿಯ ಮಾತು, ಅತ್ತೆಯವರ ರೊಕ್ಕದ ಚಿಂತೆ ಸುಳ್ಳಲ್ಲ. ಹಾಗಾಗಿ ಬಟ್ಟೆಯಿಂದ ಆಗುವ ಕೆಲಸವನ್ನು ಕ್ರೀಮಿನಿಂದ ಮಾಡಿಸಬೇಡಿ. ಕೈಗೆ ತುಂಬುತೋಳಿನ ಕುಪ್ಪಸ ಅಥವಾ ಹತ್ತಿಯ ಕೈಗವಸು ಸಾಕು, ಅಲ್ಲಿಗೆ ಸನ್‌ಸ್ಕ್ರೀನ್ ಖರ್ಚು ಮಾಡುವ ಅಗತ್ಯವಿಲ್ಲ. ಸ್ಕೂಟಿ ಹತ್ತುವಾಗ ಮುಖಕ್ಕೆ ಸುತ್ತುವ ಸ್ಟೋಲ್ ಒಳ್ಳೆಯ ಪದ್ಧತಿ, ಆದರೆ ತೆಳು ಬಿಳಿ ಮಲ್ಲಿನ ಬಟ್ಟೆ ಬಹಳ ಕಡಿಮೆ ತಡೆಯುತ್ತದೆ, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಆಚೆಯ ಬೆರಳು ಕಾಣಿಸಿದರೆ ಅದು ಸೋಸುವ ಬಟ್ಟೆ, ತಡೆಯುವ ಬಟ್ಟೆಯಲ್ಲ. ಗದಗ–ಬೆಟಗೇರಿಯ ಕೈಮಗ್ಗದ ದಟ್ಟ ನೇಯ್ಗೆಯ ಗಾಢ ಬಣ್ಣದ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸುತ್ತಿದರೆ ಅದು ನೇರಳಾತೀತ ಕಿರಣಗಳ ಜೊತೆಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಆ ಮಟ್ಟಿಗೆ ಅದು ಅಂಗಡಿಯ ಬಹುಪಾಲು ಟ್ಯೂಬುಗಳಿಗಿಂತ ಮೇಲು. ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಮುಖಗವಚ ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಪಾರದರ್ಶಕವಾದ್ದರಿಂದ ಹಗಲ ಬೆಳಕನ್ನು ಒಳಗೆ ಬಿಡುತ್ತದೆ.

ಹಚ್ಚುವ ಹೊತ್ತಿನ ಬಗ್ಗೆ ನಿಮ್ಮ ದಿನಚರಿಯನ್ನೇ ಹಿಡಿದು ಹೇಳುತ್ತೇನೆ. ಮನೆ ಬಿಡುವ ಹದಿನೈದು–ಇಪ್ಪತ್ತು ನಿಮಿಷ ಮೊದಲು ಒಮ್ಮೆ ಹಚ್ಚಿ. ಅದು ಪದರವಾಗಿ ಕೂಡಲು ಅಷ್ಟು ಸಮಯ ಬೇಕು. ಮಾಯಿಶ್ಚರೈಸರ್ ಮೊದಲು, ಸನ್‌ಸ್ಕ್ರೀನ್ ಆಮೇಲೆ, ಪೌಡರು ಕೊನೆಗೆ. ಬಿಸಿಲಿನಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂಬುದು ನಿಯಮ, ಆದರೆ ನೀವು ನಡುಹಗಲನ್ನು ತರಗತಿಯೊಳಗೆ ಕಳೆಯುವುದರಿಂದ ಸಂಜೆ ಶಾಲೆ ಬಿಡುವ ಮುನ್ನ ಇನ್ನೊಮ್ಮೆ ಹಚ್ಚಿದರೆ ಸಾಕು. ಆಟದ ಅವಧಿಗೆ ಮೈದಾನದಲ್ಲಿ ನಿಲ್ಲುವ ದಿನ ಮಾತ್ರ ನಡುವೆ ಮತ್ತೊಮ್ಮೆ. ಮುಖ ತೊಳೆಯಬೇಕಿಲ್ಲ, ಹತ್ತಿಯ ಕರವಸ್ತ್ರದಿಂದ ಬೆವರನ್ನು ಉಜ್ಜದೆ ಒತ್ತಿ ತೆಗೆದು ಮೇಲೆ ಹಚ್ಚಿ. ಟ್ಯೂಬನ್ನು ಸ್ಕೂಟಿಯ ಡಿಕ್ಕಿಯಲ್ಲಿ ಇಡಬೇಡಿ. ಏಪ್ರಿಲ್‌ನಲ್ಲಿ ಅದರೊಳಗಿನ ಶಾಖಕ್ಕೆ ನೀರೂ ಎಣ್ಣೆಯೂ ಬೇರೆಯಾದ ಕ್ರೀಮಿಗೆ ಮೊದಲಿನ ರಕ್ಷಣೆ ಇರುವುದಿಲ್ಲ.

ಬಿಸಿಲಿನ ಜೋರನ್ನು ಸೆಕೆಯಿಂದ ಅಳೆಯಬೇಡಿ. ಹಾವೇರಿ, ಗದಗ, ಹುಬ್ಬಳ್ಳಿಗಳು 15 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ: ಒಮ್ಮೆ ಏಪ್ರಿಲ್ ಕೊನೆ–ಮೇ ಆರಂಭದಲ್ಲಿ, ಇನ್ನೊಮ್ಮೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದು ಶ್ರಾವಣದ ಜಿಟಿಜಿಟಿ ಮಳೆಯ ಹಿಂದೆ ಅಡಗಿರುತ್ತದೆ. ತೆಳು ಮೋಡ ಶಾಖವನ್ನು ತಡೆದಷ್ಟು ನೇರಳಾತೀತ ಕಿರಣಗಳನ್ನು ತಡೆಯುವುದಿಲ್ಲವಾದ್ದರಿಂದ ತಂಪಾದ ಆಗಸ್ಟಿನಲ್ಲೂ ಬಂಗು ಗಾಢವಾಗುವುದನ್ನು ನಾವು ನೋಡುತ್ತೇವೆ. ಗಡಿಯಾರವೂ ಸ್ವಲ್ಪ ತಪ್ಪು ದಾರಿಗೆಳೆಯುತ್ತದೆ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವು ಅದರ ಪಶ್ಚಿಮಕ್ಕಿರುವುದರಿಂದ ನಮ್ಮ ನಿಜವಾದ ನಡುಹಗಲು 12ಕ್ಕಲ್ಲ, 12.30ರ ಆಸುಪಾಸಿಗೆ. ಇಷ್ಟೆಲ್ಲ ನೆನಪಿಡುವುದು ಬೇಡವೆಂದರೆ ನೆರಳನ್ನು ನೋಡಿ: ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಮೊಟಕಾಗಿರುವಷ್ಟು ಹೊತ್ತು ಬಿಸಿಲು ಚರ್ಮಕ್ಕೆ ಜೋರಾಗಿದೆ.

ಬಂಗಿಗೆ ಬೆಳಕೊಂದೇ ಕಾರಣವಲ್ಲ. ಬಸಿರು, ಗರ್ಭನಿರೋಧಕ ಗುಳಿಗೆ, ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ ಬಂದ ಪ್ರವೃತ್ತಿ, ಇವೂ ಸೇರಿರುತ್ತವೆ. ಗುಳಿಗೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಶಾಖವೂ ಬಂಗನ್ನು ಕೆದಕುತ್ತದೆ. ದಿನವೂ ಬೆಳಗ್ಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವಾಗ ಮುಖಕ್ಕೆ ರಾಚುವ ಕಾವನ್ನು ಯಾವ ಸನ್‌ಸ್ಕ್ರೀನೂ ತಡೆಯದು. ಕಿಟಕಿ ತೆರೆದು, ತುಸು ದೂರ ಸರಿದು ಕೂರುವುದೇ ಉಪಾಯ. ಲಿಂಬೆರಸವನ್ನು ಮುಖಕ್ಕೆ ಹಚ್ಚುವ ಅಭ್ಯಾಸವಿದ್ದರೆ ಇಂದೇ ಬಿಡಿ, ಏಕೆಂದರೆ ಅದರಲ್ಲಿರುವ ಸೋರಲಿನ್ ಜಾತಿಯ ವಸ್ತು ಬಿಸಿಲಿನೊಡನೆ ಕೂಡಿ ಚರ್ಮವನ್ನು ಸುಟ್ಟು ಕರಿಗೆರೆ ಮೂಡಿಸುತ್ತದೆ. ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಅದು ಬಿಸಿಲಿನದಲ್ಲ. ಅದಕ್ಕೆ ಸನ್‌ಸ್ಕ್ರೀನ್ ಕೊಳ್ಳುವ ದುಡ್ಡಿನಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು ಮೇಲು.

ಸನ್‌ಸ್ಕ್ರೀನ್ ನಿಮ್ಮನ್ನು ಬೆಳ್ಳಗೆ ಮಾಡುವುದಿಲ್ಲ. ನಿಮ್ಮ ತೋಳಿನ ಒಳಭಾಗದಲ್ಲಿ, ಬಿಸಿಲು ಕಾಣದ ಜಾಗದಲ್ಲಿ, ಯಾವ ಬಣ್ಣವಿದೆಯೋ ಅದು ನಿಮ್ಮ ಬಣ್ಣ. ಮುಖ ಅಲ್ಲಿಯವರೆಗೆ ತಿಳಿಯಾಗಬಹುದು, ಅದರಾಚೆಗಲ್ಲ. ಅದರಾಚೆಗೆ ಒಯ್ಯುತ್ತೇನೆಂದು ಹೇಳುವ ಟ್ಯೂಬಿನಲ್ಲಿ ಏನಿರುತ್ತದೆಂಬುದನ್ನು ನೀವು ಈಗಾಗಲೇ ಉರಿಯಿಂದ ಅರಿತಿದ್ದೀರಿ. ಬಂಗು ತಿಳಿಯಾಗಲು ಕನಿಷ್ಠ ಮೂರು ತಿಂಗಳಾದರೂ ಬೇಕು, ಅದೂ ಚಿಕಿತ್ಸೆಯ ಜೊತೆಗೆ. ತಿಳಿಯಾದ ಮೇಲೆ ಹಚ್ಚುವುದನ್ನು ಬಿಟ್ಟರೆ ಮುಂದಿನ ಬೇಸಿಗೆಗೆ ಮರಳುತ್ತದೆ. ಹಚ್ಚಿದರೆ ಡಿ ವಿಟಮಿನ್ ಕಡಿಮೆಯಾಗುವುದೇ ಎಂದು ಹಲವರು ಕೇಳುತ್ತಾರೆ. ಮುಖಕ್ಕೆ ಮಾತ್ರ ಹಚ್ಚುವವರಿಗೆ ಆ ಭಯ ಬೇಡ. ಆದರೆ ಕಪ್ಪು ಚರ್ಮ ಆ ವಿಟಮಿನನ್ನು ನಿಧಾನವಾಗಿ ತಯಾರಿಸುವುದರಿಂದ, ಮೈತುಂಬ ಬಟ್ಟೆ ಧರಿಸಿ ದಿನ ಕಳೆಯುವವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಗುಳಿಗೆ ತೆಗೆದುಕೊಳ್ಳುವುದು ಬಿಸಿಲಿಗೆ ಮುಖವೊಡ್ಡುವುದಕ್ಕಿಂತ ಸುಲಭ.

ನಿಮ್ಮ ಯಜಮಾನರಿಗೆ, ಮುಖದ ಮೇಲೆ ಕಲೆಯಾಗಲಿ ತುರಿಕೆಯಾಗಲಿ ಇಲ್ಲದಿದ್ದರೆ, ಸನ್‌ಸ್ಕ್ರೀನ್ ಬರೆದುಕೊಡಲು ನನಗೆ ಮನಸ್ಸಿಲ್ಲ. ಬೆವರು, ಧೂಳು, ಎರಡು ಗಂಟೆಗೊಮ್ಮೆಯ ಲೆಕ್ಕ ಹೊಲದಲ್ಲಿ ನಡೆಯುವುದಿಲ್ಲ. ನಮ್ಮ ಹಿರಿಯರು ಸುತ್ತುತ್ತಿದ್ದ ರುಮಾಲು ಅಥವಾ ಸುತ್ತಲೂ ಅಂಚಿರುವ ಟೊಪ್ಪಿಗೆ, ತುಂಬುತೋಳಿನ ಅಂಗಿ, ನಡುಹಗಲಿಗೆ ಗಿಡದ ನೆರಳು, ಅವರಿಗೆ ಇವೇ ಸರಿಯಾದ ಸನ್‌ಸ್ಕ್ರೀನ್. ಆದರೆ ಒಂದನ್ನು ಗಮನಿಸಿ. ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮ ದಪ್ಪವಾಗಿ ಕಪ್ಪಾಗುತ್ತಿದ್ದರೆ, ಬಿಸಿಲಿಗೆ ಹೋದಾಗ ಹೆಚ್ಚಾಗುತ್ತಿದ್ದರೆ, ಅದು ಬಿಸಿಲಿನ ತಪ್ಪೆಂದು ಸುಮ್ಮನಾಗಬೇಡಿ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಗಾಳಿಯಲ್ಲಿ ಹಾರಿಬಿಡುವ ಕಣಗಳಿಂದ ಇಂಥ ಅಲರ್ಜಿ ಬರುತ್ತದೆ; ವರ್ಷಗಳ ನಂತರ ಕೆಲವರಲ್ಲಿ ಅದು ಬಿಸಿಲನ್ನೇ ಸಹಿಸದ ಸ್ಥಿತಿಗೆ ತಿರುಗುತ್ತದೆ. ಆ ಕಸವನ್ನು ಅವರು ಬರಿಗೈಯಲ್ಲಿ ಕೀಳಬಾರದು, ಒಣಗಿದ್ದನ್ನು ಸುಡುವಾಗ ಹತ್ತಿರ ನಿಲ್ಲಲೂಬಾರದು. ನೀವು ಚರ್ಮವೈದ್ಯರ ಬಳಿ ಹೋಗುವ ದಿನ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಬ್ಬರದೂ ಒಂದೇ ಸಲಕ್ಕೆ ಆಗುತ್ತದೆ.